ಬಂದ ಉದ್ದೇಶ: ವೀಕ್ಷಣೆ

ನನಗೆ ಆ ಕೆಲಸ ಸಿಕ್ಕಿದ್ದು ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ. ಅದಕ್ಕೆ ಮೊದಲು ಹತ್ತೊಂಬತ್ತು ವರ್ಷ ಬೀಡಿ ಕಟ್ಟಿದವಳು ನಾನು. ಒಂದು ಮಧ್ಯಾಹ್ನ ಮಡಿಲಲ್ಲಿ ಮೊರ ಇಟ್ಟುಕೊಂಡು ಎಲೆ ಕತ್ತರಿಸುತ್ತಿದ್ದಾಗ ಊರಿನ ಅರಣ್ಯ ಸಮಿತಿಯ ಇಬ್ಬರು ಅಂಗಳಕ್ಕೆ ಬಂದರು. ಹೊಳೆಬದಿಗೆ ಪ್ರವಾಸಿಗಳು ಬರುತ್ತಾರಲ್ಲ, ಗೇಟಿನಲ್ಲಿ ಕುಳಿತು ಬಂದವರ ವಿವರ ಪುಸ್ತಕದಲ್ಲಿ ಬರೆಯಲು ಒಬ್ಬರು ಬೇಕು ಎಂದರು. ಶಾಲೆಯಲ್ಲಿ ನನ್ನ ಕಾಪಿ ಬರಹವನ್ನು ಗೋಡೆಗೆ ಅಂಟಿಸಿದ್ದು ಅವರಲ್ಲೊಬ್ಬರಿಗೆ ನೆನಪಿತ್ತು. ನಾನು ಮೊರವನ್ನು ಅಲ್ಲೇ ಕೆಳಗಿಟ್ಟು ಹೂಂ ಅಂದೆ. ಆವತ್ತು ಬೇಡ ಅನ್ನಬೇಕಿತ್ತು.

ಜಾಗ ಇರುವುದು ಮುಂಡಾಜೆಯಿಂದ ಚಾರ್ಮಾಡಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಮೇಲೆ ಬಂಡೆಯಿಂದ ನೀರು ಬೀಳುತ್ತದೆ. ನಾವು ಅದನ್ನು ಅರ್ಬಿ ಎನ್ನುತ್ತೇವೆ. ಇಲಾಖೆಯ ಬೋರ್ಡು ಬಂದ ಮೇಲೆ ಅದು ಜಲಪಾತವಾಯಿತು. ಬಿದ್ದ ನೀರು ಕೆಳಗೆ ಬಂದು ಒಂದು ಕಡೆ ಅಗಲವಾಗಿ ಹರಡಿಕೊಂಡು, ಮೊಣಕಾಲು ಮುಳುಗುವಷ್ಟೇ ಆಳದಲ್ಲಿ, ಮರಳಿನ ಮೇಲೆ ನಿಧಾನಕ್ಕೆ ಹೋಗುತ್ತದೆ. ಅಲ್ಲಿಗೆ ಒಂದು ದನದ ದಾರಿ ಇತ್ತು. ದನಗಳು ನೀರು ಕುಡಿಯಲು ಇಳಿದು ಇಳಿದು ಮಾಡಿದ ದಾರಿ. ಒಂದು ಮೆಟ್ಟಿಲೂ ಇಲ್ಲದೆ, ಯಾರ ಮೊಣಕಾಲಿಗೂ ನೋವಾಗದ ಹಾಗೆ, ಇಳಿಜಾರಾಗಿ ನೀರಿಗೆ ಮುಟ್ಟುತ್ತಿತ್ತು. ನಾನು ಹೇಳಲು ಹೊರಟದ್ದು ಆ ದಾರಿ ಮುಚ್ಚಿಹೋದದ್ದನ್ನು. ಮುಚ್ಚಿಸಿದವಳು ನಾನು.

ಪುಸ್ತಕದಲ್ಲಿ ಆರು ಕಾಲಂ ಇತ್ತು: ತಾರೀಕು, ಹೆಸರು, ಊರು, ವಾಹನದ ನಂಬರು, ಎಷ್ಟು ಜನ, ಬಂದ ಉದ್ದೇಶ. ಮೊದಲಿನ ಐದಕ್ಕೆ ಜನ ಪಟಪಟನೆ ಉತ್ತರ ಕೊಡುತ್ತಿದ್ದರು. ಆರನೆಯದಕ್ಕೆ ಬಂದಾಗ ಎಲ್ಲರ ಮುಖವೂ ಬಾಡಿಗೆ ಮನೆ ಕೇಳಿ ಬಂದವರ ಹತ್ತಿರ ಜಾತಿ ಕೇಳಿದ ಹಾಗೆ ಆಗುತ್ತಿತ್ತು. “ಎಂಥಕ್ಕೆ ಬಂದದ್ದು?” ಎಂದರೆ “ಸುಮ್ಮನೆ” ಎನ್ನುತ್ತಿದ್ದರು. ತುಳುವಿನಲ್ಲಿ ಹೇಳುವವರು “ಇಂಚನೇ” ಎನ್ನುತ್ತಿದ್ದರು. ನಮ್ಮ ಕಡೆಯ ಜನವೇ ಹಾಗೆ. ಹುಡುಗಿ ಕೇಳಲು ಬಂದವರೂ “ಈ ಕಡೆ ಬಂದದ್ದು, ಹಾಗೇ ಒಮ್ಮೆ ಹೊಕ್ಕು ಹೋಗುವ ಅಂತ” ಎಂದು ಕುಳಿತು, ಮಳೆಯ ವಿಷಯ, ಬಸ್ಸಿನ ವಿಷಯ ಎಲ್ಲ ಮಾತಾಡಿ, ಎದ್ದು ಚಪ್ಪಲಿ ಹಾಕುವಾಗ ಬಂದ ಕೆಲಸ ಹೇಳುವವರು. ಅಂಥವರನ್ನು ಗೇಟಿನಲ್ಲಿ ನಿಲ್ಲಿಸಿ ಉದ್ದೇಶ ಕೇಳಿದರೆ ಏನು ಹೇಳಿಯಾರು? ನಾನೂ ಒಂದು ವಾರ ಸುಮ್ಮನೆ ಎಂದೇ ದುಂಡಗೆ ಬರೆದೆ.

ವಾರದ ಕೊನೆಗೆ ಪುಸ್ತಕ ನೋಡಲು ಬಂದ ಫಾರೆಸ್ಟರು ತಲೆಗೆ ಕೈ ಇಟ್ಟುಕೊಂಡರು.

“ಸುಮ್ಮನೆ ಅಂತ ಬರೆದ್ರೆ ಹೇಗೆ ಅಕ್ಕಾ? ಸುಮ್ಮನೆ ಅಂದ್ರೆ ಉದ್ದೇಶ ಇಲ್ಲ ಅಂತಾಯ್ತಲ್ಲ. ಉದ್ದೇಶ ಇಲ್ಲದವರನ್ನು ಒಳಗೆ ಬಿಟ್ಟದ್ದು ಯಾಕೆ ಅಂತ ಮೇಲಿನವರು ನನ್ನನ್ನು ಕೇಳ್ತಾರೆ.”

“ಮತ್ತೆ ಎಂಥ ಬರೆಯುವುದು ಸರ್?”

“ವೀಕ್ಷಣೆ ಅಂತ ಬರೀರಿ ಮಾರಾಯ್ರೇ. ಹೊಳೆಗೆ ಬಂದವರು ಮತ್ತೆಂಥ ಮಾಡ್ತಾರೆ?”

ವೀಕ್ಷಣೆ ಎಂದು ಬರೆಯತೊಡಗಿದೆ. ಭಾನುವಾರ ಗೇಟಿನ ಹೊರಗೆ ಸಾಲು ಉದ್ದವಾದಾಗ ಎರಡನೆಯವರಿಂದ ಕೆಳಗೆ ಎರಡು ಸಣ್ಣ ಗೆರೆ ಎಳೆದೆ; ಮೇಲಿನಂತೆಯೇ ಎಂದು ಅದರ ಅರ್ಥ. ಆಮೇಲೆ ಸಾಲು ಇಲ್ಲದ ದಿನವೂ ಗೆರೆಯೇ ಎಳೆದೆ. ಬೀಡಿ ಕಟ್ಟಿದ ಕೈ ನನ್ನದು. ಒಂದೇ ಕೆಲಸವನ್ನು ಸಾವಿರ ಸಲ ಮಾಡುವಾಗ ಮನಸ್ಸನ್ನು ಬೇರೆ ಕಡೆ ಕಳಿಸಿ ಕೈಯನ್ನು ಮಾತ್ರ ಕೆಲಸಕ್ಕೆ ಇಟ್ಟುಕೊಳ್ಳುವುದು ನಮಗೆ ಅಭ್ಯಾಸ. ಪುಟದ ತಲೆಯಲ್ಲಿ ಒಂದು ವೀಕ್ಷಣೆ, ಕೆಳಗೆ ಪುಟ ಮುಗಿಯುವ ತನಕ ಗೆರೆ, ಗೆರೆ, ಗೆರೆ. ನೋಡಲು ಚಂದವೇ ಇರುತ್ತಿತ್ತು.

ಜನರ ನಿಜವಾದ ಉದ್ದೇಶ ನನಗೆ ಗೊತ್ತಿರಲಿಲ್ಲ ಎಂದಲ್ಲ. ಗೇಟಿನಿಂದ ಹೊಳೆ ಕಾಣುತ್ತದೆ, ದಿನವಿಡೀ ಕುಳಿತವಳಿಗೆ ಬೇರೆ ಕೆಲಸ ಏನಿದೆ? ಬಂಟ್ವಾಳದಲ್ಲಿ ಬಟ್ಟೆ ಅಂಗಡಿ ಇಟ್ಟ ಒಬ್ಬರು ಪ್ರತಿ ಬೇಸಿಗೆಯಲ್ಲಿ ಬರುತ್ತಿದ್ದರು. ಮಳೆಗಾಲದಲ್ಲಿ ನೇತ್ರಾವತಿ ಉಕ್ಕಿದರೆ ಅವರ ಅಂಗಡಿಯ ಕೆಳಗಿನ ಎರಡು ಕಪಾಟು ನೀರಿನಲ್ಲಿ ಮುಳುಗುತ್ತದೆ. ನಮ್ಮ ಹೊಳೆಯ ನೀರು ಸೇರುವುದೂ ಅದಕ್ಕೇ. ಅವರು ಪ್ಯಾಂಟು ಮಡಚಿ ನೀರಿನ ನಡುವೆ ನಿಂತು, ಸೊಂಟದ ಮೇಲೆ ಕೈ ಇಟ್ಟು ಹೊಳೆಯನ್ನು ಬೈಯುತ್ತಿದ್ದರು. “ಈಗ ನೋಡು, ಇಷ್ಟೇ ಇಷ್ಟು ಇದ್ದೀ! ಆಗ ಎಂಥ ಹಾರಾಟ ನಿಂದು!” ಬೈದು ಮುಗಿಸಿ, ಅದೇ ನೀರಿನಲ್ಲಿ ಮುಖ ತೊಳೆದು, ಹಗುರಾಗಿ ಹೋಗುತ್ತಿದ್ದರು. ಅವರ ಎದುರು ಎರಡು ಗೆರೆ. ನನ್ನ ತವರು ಕನ್ಯಾನದ ಕಡೆಯ ಒಬ್ಬಳು ಹೆಂಗಸು ಅರ್ಬಿಯ ಸದ್ದು ಜೋರಾಗಿರುವಲ್ಲಿ ಹೋಗಿ ನಿಂತು, ಬಾಯಿ ಬಿಟ್ಟು ಅತ್ತು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಹೊರಡುವಾಗ ನನ್ನ ಹತ್ತಿರ ಬಸ್ಸಿನ ಟೈಮು ಕೇಳುತ್ತಿದ್ದಳು. ಅವಳಿಗೂ ಎರಡು ಗೆರೆ. ಬೈಕಿನಲ್ಲಿ ಬಂದು ರೀಲ್ಸ್ ಮಾಡಿ ಹೋಗುವವರಿಗೂ ಅದೇ. ಇದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಈ ಪುಸ್ತಕವನ್ನು ಯಾರು ಓದುತ್ತಾರೆ ಅಂದುಕೊಂಡಿದ್ದೆ.

ಆ ಗೆರೆಗಳ ಸಾಲಿನಲ್ಲೇ ಮೂಡಬಿದಿರೆಯ ಅಣ್ಣನೂ ಇದ್ದರು. ಜೈನರು, ಹಿಂದೆ ಒಂದು ಬಸದಿಯ ಉಸ್ತುವಾರಿ ನೋಡಿಕೊಂಡಿದ್ದವರು. ಐವತ್ತು ದಾಟಿದ ಮೇಲೆ ಅವರ ಎರಡೂ ಕಣ್ಣು ಹೋಗಿತ್ತು. ಹದಿನೈದು ದಿನಕ್ಕೊಮ್ಮೆ, ಮಂಗಳವಾರ, ಹೆಂಡತಿಯ ಕೈ ಹಿಡಿದು ಬರುತ್ತಿದ್ದರು. ಆ ಹೆಂಗಸನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ವೇಣೂರಿನ ಮೇಲಿಂದ ಬೆಳ್ತಂಗಡಿಗೆ ಒಂದು ಬಸ್ಸು, ಅಲ್ಲಿಂದ ಮುಂಡಾಜೆಗೆ ಇನ್ನೊಂದು, ಆಮೇಲೆ ರಿಕ್ಷಾ. ಹನ್ನೊಂದು ಗಂಟೆಗೆ ಮುಟ್ಟಿದರೆ ಎರಡಕ್ಕೆ ಹೊರಡಲೇಬೇಕು. ಸೂರ್ಯ ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ, ಬೆಳಕಿರುವಾಗಲೇ ಮನೆಗೆ ಮುಟ್ಟಿ ಊಟ ಮುಗಿಸಬೇಕು.

ಅಷ್ಟು ದೂರ ಬಂದು ಅವರು ಮಾಡುತ್ತಿದ್ದದ್ದು ಇಷ್ಟೇ. ದನದ ದಾರಿಯಲ್ಲಿ ಇಳಿದು ನೀರಿನ ಅಂಚಿಗೆ ಬಂದ ಕೂಡಲೇ ಅಕ್ಕ ಅವರ ಕೈ ಬಿಟ್ಟುಬಿಡುತ್ತಿದ್ದರು. ಅಣ್ಣ ಒಬ್ಬರೇ ನೀರಿಗೆ ಇಳಿದು, ಆಚೆ ಬದಿಯ ಬಂಡೆಯ ತನಕ ನಡೆದು, ಬಂಡೆಯನ್ನು ಮುಟ್ಟಿ, ತಿರುಗಿ ಬರುತ್ತಿದ್ದರು. ಹೋಗಲು ಇಪ್ಪತ್ತೆರಡು ಹೆಜ್ಜೆ, ಬರಲು ಇಪ್ಪತ್ತೆರಡು. ನೀರು ಎಡಗಾಲಿಗೆ ಮೊದಲು ತಾಗಿದರೆ ಹೋಗುತ್ತಿದ್ದೇನೆ, ಬಲಗಾಲಿಗೆ ಮೊದಲು ತಾಗಿದರೆ ಬರುತ್ತಿದ್ದೇನೆ, ತಪ್ಪುವ ಪ್ರಶ್ನೆಯೇ ಇಲ್ಲ ಎಂದು ಒಮ್ಮೆ ನನಗೆ ವಿವರಿಸಿದ್ದರು. ಕೋಲನ್ನೂ ದಡದಲ್ಲೇ ಬಿಡುತ್ತಿದ್ದರು. ಮೀನುಗಳು ಕಾಲಿಗೆ ಬಾಯಿ ಹಾಕಿದರೆ ಕಚಗುಳಿಯಾಗಿ, ನಡುನೀರಿನಲ್ಲಿ ನಿಂತು ಜೋರಾಗಿ ನಗುತ್ತಿದ್ದರು. ಅಕ್ಕ ಮರದ ಬುಡದಲ್ಲಿ ಕುಳಿತು, ಬೇಕೆಂದೇ ಅವರ ಕಡೆ ನೋಡದೆ, ಮಡಿಲಿನಲ್ಲಿ ಹೂವು ಹಾಕಿಕೊಂಡು ಕಟ್ಟುತ್ತಿದ್ದರು.

ನನ್ನನ್ನು ಅವರು ಗೇಟಿನಕ್ಕ ಎಂದು ತಮಾಷೆಗೆ ಕರೆಯುತ್ತಿದ್ದರು. ಒಂದು ದಿನ ಹೊರಡುವಾಗ ತಾವಾಗಿಯೇ ಹೇಳಿದರು. “ಗೇಟಿನಕ್ಕ, ಮನೆಯಲ್ಲಿ ಎದ್ದರೆ ಕೈ ಹಿಡೀತಾರೆ, ಕೂತರೆ ಕೈ ಹಿಡೀತಾರೆ. ಒಂದು ಲೋಟ ನೀರಿಗೆ ಎದ್ದರೂ ಮೂರು ಜನ ಓಡಿ ಬರ್ತಾರೆ. ಇವಳು ನನ್ನ ಕೈ ಬಿಡುವ ಜಾಗ ಅಂತ ಈ ಪ್ರಪಂಚದಲ್ಲಿ ಇದೊಂದೇ ಉಂಟು.”

“ನನ್ನ ಕೈಗೂ ಸ್ವಲ್ಪ ರಜೆ ಬೇಡವಾ?” ಎಂದರು ಅಕ್ಕ.

ಅಂಥ ಮನುಷ್ಯನ ಎದುರು ನಾನು ಪ್ರತಿ ಸಲ ಎರಡು ಗೆರೆ ಎಳೆದೆ. ಪುಟದ ಮೊದಲಿಗರು ಅವರೇ ಆದ ಒಂದು ದಿನ ವೀಕ್ಷಣೆ ಎಂದು ಪೂರ್ತಿಯಾಗಿ ಬರೆದೆ. ಬರೆದ ಮೇಲೆ ಕಣ್ಣಿಗೆ ಬಿತ್ತು. ನಗು ಬಂತು. ಮನೆಗೆ ಹೋಗಿ ಗಂಡನಿಗೆ ಹೇಳಿದೆ, ಇಬ್ಬರೂ ನಕ್ಕೆವು. ತಿದ್ದಬೇಕು ಎಂದು ಮಾತ್ರ ಹೊಳೆಯಲಿಲ್ಲ. ಆ ನಗುವನ್ನು ಈಗ ನೆನೆದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ನಾಲ್ಕನೆಯ ವರ್ಷ ನಮ್ಮ ಹೊಳೆಗೆ ಅಭಿವೃದ್ಧಿ ಬಂತು. ಮೊದಲು ಟೇಪು ಹಿಡಿದವರು ಬಂದು ಅಳೆದರು. ಆಮೇಲೆ ಒಬ್ಬ ಇಂಜಿನಿಯರು ನನ್ನ ಪಕ್ಕದ ಕುರ್ಚಿಯಲ್ಲಿ ಎರಡು ದಿನ ಕುಳಿತು, ನನ್ನ ಪುಸ್ತಕಗಳ ಪುಟ ಪುಟವನ್ನೂ ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡರು. ನನಗೆ ಹೆಮ್ಮೆಯಾಯಿತು. ಅವರಿಗೆ ಮಜ್ಜಿಗೆ ತಂದುಕೊಟ್ಟೆ. ತಿಂಗಳು ಕಳೆದು ಶಾಲೆಯ ಹಾಲಿನಲ್ಲಿ ಊರಿನವರನ್ನೆಲ್ಲ ಕರೆದು ಮೀಟಿಂಗು ಮಾಡಿದರು. ಗೋಡೆಗೆ ಬಣ್ಣದ ನಕ್ಷೆ ಅಂಟಿಸಿತ್ತು. ಗುಡ್ಡದ ತಲೆಯಲ್ಲಿ ವೀಕ್ಷಣಾ ಗೋಪುರ, ಅದಕ್ಕೆ ಕಾಂಕ್ರೀಟು ಮೆಟ್ಟಿಲು, ನಿಂತು ಫೋಟೋ ತೆಗೆಸಿಕೊಳ್ಳಲು ಹೃದಯದ ಆಕಾರದ ಒಂದು ಕಬ್ಬಿಣದ ಚೌಕಟ್ಟು, ಹೊಳೆಯ ಉದ್ದಕ್ಕೂ ಬೇಲಿ.

ಮುಖ್ಯ ಅಧಿಕಾರಿ ನಿಧಾನಕ್ಕೆ, ಪುಸ್ತಕದ ಕನ್ನಡದಲ್ಲಿ ಹೇಳಿದರು. “ಬರುವವರ ಉದ್ದೇಶ ತಿಳಿಯದೆ ನಾವು ಏನನ್ನೂ ಕಟ್ಟುವುದಿಲ್ಲ. ಇಲ್ಲಿಯ ದಾಖಲೆಗಳನ್ನು ಪೂರ್ತಿ ನೋಡಿದ್ದೇವೆ. ಬಂದವರೆಲ್ಲ ವೀಕ್ಷಣೆಗೇ ಬಂದಿದ್ದಾರೆ. ನೀರಿಗೆ ಇಳಿಯುವುದಕ್ಕೆಂದು ಬಂದವರು ಒಬ್ಬರೂ ಇಲ್ಲ. ಹೀಗಿರುವಾಗ ಅಪಾಯಕ್ಕೆ ದಾರಿ ಬಿಡುವುದು ಯಾಕೆ?” ಹಿಂದಿನ ಬೆಂಚಿನಿಂದ ಯಾರೋ, “ನಮ್ಮ ದನಗಳು ಯಾವ ಕಾಲಂನಲ್ಲಿ ಉಂಟು ಸರ್?” ಎಂದು ಕೇಳಿದರು. ಎಲ್ಲರೂ ನಕ್ಕರು. ದನಗಳಿಗೆ ಸಿಮೆಂಟಿನ ತೊಟ್ಟಿ ಕಟ್ಟಿಸುತ್ತೇವೆ ಎಂದು ಉತ್ತರ ಬಂತು. ಆಮೇಲೆ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಇಷ್ಟು ನೀಟಾಗಿ ಪುಸ್ತಕ ಬರೆದವರನ್ನು ಬೇರೆಲ್ಲೂ ಕಂಡಿಲ್ಲ ಎಂದು ಹೊಗಳಿದರು. ಚಪ್ಪಾಳೆ ಬಿತ್ತು. ಗೋಳಿಬಜೆಯ ಪ್ಲೇಟನ್ನು ಮೊದಲು ನನ್ನ ಕೈಗೇ ಕೊಟ್ಟರು. ಬಿಸಿಬಿಸಿ ಇತ್ತು, ತಿಂದೆ. ಆಗ ಅಣ್ಣನ ನೆನಪಾಗಲಿಲ್ಲ. ಆಯಿತು ಎಂದು ಈಗ ಸುಳ್ಳು ಹೇಳಿ ಪ್ರಯೋಜನ ಏನು?

ನೆನಪಾದದ್ದು ಮಳೆ ಹಿಡಿಯುವ ಸ್ವಲ್ಪ ಮೊದಲು, ದನದ ದಾರಿಯ ಬಾಯಿಗೆ ಕಬ್ಬಿಣದ ಬಲೆ ಕಟ್ಟುವುದನ್ನು ಕಂಡಾಗ. ಮರುದಿನವೇ ರಜೆ ಹಾಕಿ ಬೆಳ್ತಂಗಡಿಯ ಕಚೇರಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಕೆಟ್ಟವರಲ್ಲ. ಕೂರಿಸಿದರು, ಫ್ಯಾನು ಹಾಕಿದರು.

“ಸರ್, ಬೇಲಿಯಲ್ಲಿ ಒಂದು ಸಣ್ಣ ಬಾಗಿಲು ಇಡಿ. ಕಣ್ಣು ಕಾಣದವರು ಒಬ್ಬರು ಬರ್ತಾರೆ. ಅವರಿಗೆ ನೀರಿಗೆ ಇಳಿಯಲಿಕ್ಕೆ ಉಂಟು.”

“ಯಾವಾಗ ಬಂದಿದ್ದಾರೆ? ತೋರಿಸಿ.” ಕಂಪ್ಯೂಟರಿನಲ್ಲಿ ನನ್ನ ಪುಸ್ತಕದ ಫೋಟೋಗಳನ್ನು ತೆರೆದರು. ನಾನು ಒಂದು ಮಂಗಳವಾರವನ್ನು ಹುಡುಕಿ ತೋರಿಸಿದೆ. ಅವರ ಬೆರಳು ಅಣ್ಣನ ಹೆಸರಿನಿಂದ ಅಡ್ಡಕ್ಕೆ ಹೋಗಿ, ಕೊನೆಯ ಕಾಲಂನ ಎರಡು ಗೆರೆಯ ಮೇಲೆ ನಿಂತು, ಅಲ್ಲಿಂದ ಪುಟದ ತಲೆಗೆ ಹತ್ತಿತು.

“ಕಣ್ಣು ಕಾಣದವರು ವೀಕ್ಷಣೆಗೆ ಬಂದದ್ದಾ ಅಮ್ಮಾ?”

“ಅದು ನಾನು ಹಾಗೇ ಎಳೆದದ್ದು ಸರ್. ಎಲ್ಲರಿಗೂ ಹಾಗೇ ಎಳೆದದ್ದು.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಪುಸ್ತಕವೇ ಸುಳ್ಳು ಅಂತ ನಾನು ಬರೆದು ಕಳಿಸಲಾ? ನಿಮ್ಮ ಕೆಲಸ ಹೋಗ್ತದೆ, ಅಷ್ಟೇ. ಮಂಜೂರಾದ ಬೇಲಿ ಹೋಗುವುದಿಲ್ಲ.” ಆಮೇಲೆ ಮೆತ್ತಗೆ ಹೇಳಿದರು. “ಒಂದು ಮಾಡಿ. ಇನ್ನು ಮುಂದೆ ಸರಿಯಾಗಿ ಕೇಳಿ ಬರೀರಿ. ಮೂರು ವರ್ಷ ಆದ ಮೇಲೆ ಪುನಃ ನೋಡ್ತಾರೆ. ನೀರಿಗೆ ಅಂತ ಬರುವವರು ಇದ್ದಾರೆ ಅಂತ ಪುಸ್ತಕದಲ್ಲಿ ಕಂಡರೆ ಆಗ ದಾರಿ ಬಿಟ್ಟಾರು.”

ಬಸ್ಸಿನಲ್ಲಿ ಬರುವಾಗ ನನಗೆ ಸ್ವಲ್ಪ ಜೀವ ಬಂದ ಹಾಗಾಗಿತ್ತು. ಮಳೆಗಾಲ ಮುಗಿದು, ಅಷ್ಟರಲ್ಲಿ ಗೋಪುರವೂ ಎದ್ದು, ಗೇಟು ತೆರೆದ ದಿನದಿಂದ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕೇಳತೊಡಗಿದೆ. ನಿಜವಾಗಿ ಎಂಥಕ್ಕೆ ಬಂದದ್ದು, ಹೇಳಿ, ನಾನು ಯಾರಿಗೂ ಹೇಳುವುದಿಲ್ಲ ಎಂದೆ. ಅವರು ಗೋಪುರದ ಕಡೆ ಕೈ ತೋರಿಸಿ, “ಅದನ್ನು ನೋಡ್ಲಿಕ್ಕೆ” ಎಂದರು. ಮೆಟ್ಟಿಲು ಹತ್ತುತ್ತಿದ್ದರು, ಹೃದಯದೊಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು, ಕಾಲು ಗಂಟೆಯಲ್ಲಿ ಇಳಿದು ಹೋಗುತ್ತಿದ್ದರು. ಬಂಟ್ವಾಳದ ಅಂಗಡಿಯವರು ಒಮ್ಮೆ ಬಂದರು. ಗೇಟಿನ ಹೊರಗೇ ಕಾರು ನಿಲ್ಲಿಸಿ, ಬೇಲಿಯನ್ನು ಕಂಡು, ಒಳಗೂ ಬಾರದೆ ತಿರುಗಿಸಿಕೊಂಡು ಹೋದರು. ಒಳಗೆ ಬಾರದವರನ್ನು ಪುಸ್ತಕದಲ್ಲಿ ಬರೆಯುವ ಹಾಗಿಲ್ಲ. ಕನ್ಯಾನದವಳು ಬರಲೇ ಇಲ್ಲ. ಗೋಪುರದಲ್ಲಿ ಸ್ಪೀಕರು ಹಾಡು ಹೇಳುವಲ್ಲಿ ಅವಳು ಎಲ್ಲಿ ನಿಂತು ಅಳುವುದು? ನೀರು ಬೇಕಾದವರು ಬರುವುದನ್ನು ಬಿಟ್ಟಿದ್ದರು, ಬರುವವರಿಗೆ ನೀರು ಬೇಕಿರಲಿಲ್ಲ. ನಾಲ್ಕು ವರ್ಷ ನಾನು ಸೋಮಾರಿತನದಿಂದ ಬರೆದ ಸುಳ್ಳು ಈಗ ಪೂರ್ತಿ ನಿಜವಾಗಿತ್ತು. ಮೂರು ವರ್ಷವಲ್ಲ, ಮೂವತ್ತು ವರ್ಷ ಕಳೆದು ಬಂದು ನೋಡಿದರೂ ಪುಸ್ತಕದಲ್ಲಿ ಅವರಿಗೆ ಕಾಣುವುದು ಅದೇ.

ಅಕ್ಕನ ಫೋನ್ ನಂಬರು ನನ್ನ ಹತ್ತಿರ ಇತ್ತು. ದಾರಿ ಮುಚ್ಚಿದ್ದಾರೆ, ಇಷ್ಟು ದೂರ ಬರಬೇಡಿ ಎಂದು ಮೊದಲೇ ಹೇಳಬಹುದಿತ್ತು. ಬಾಯಿ ಬರಲಿಲ್ಲ. ಗೇಟು ತೆರೆದು ಮೂರನೆಯ ಮಂಗಳವಾರ ಇಬ್ಬರೂ ರಿಕ್ಷಾದಿಂದ ಇಳಿದರು. ಅಣ್ಣ ಹೊಸ ಪಂಚೆ ಉಟ್ಟಿದ್ದರು. “ಗೇಟಿನಕ್ಕ, ಬದುಕಿದ್ದೀರಾ?” ಎಂದು ಕೂಗಿ, ನನ್ನ ಉತ್ತರಕ್ಕೂ ಕಾಯದೆ ನಡೆದರು. ಗೇಟಿನಿಂದ ದನದ ದಾರಿಗೆ ಎಷ್ಟು ಹೆಜ್ಜೆ ಎಂದು ಅವರಿಗೆ ಗೊತ್ತು. ಅಕ್ಕ ಬೇಲಿ ಕಂಡು ತಡೆಯುವುದರೊಳಗೆ ಅವರ ಎದೆ ಬಲೆಗೆ ತಾಗಿತು. ಎರಡೂ ಕೈಯಿಂದ ಅದನ್ನು ಮೇಲೆ, ಕೆಳಗೆ, ಪಕ್ಕಕ್ಕೆ ತಡವಿದರು. “ಇದೆಂಥದು? ಕೋಳಿಗೂಡಾ?” ಎಂದರು, ಇನ್ನೂ ನಗುತ್ತಲೇ.

ನಾನು ಓಡಿ ಹೋಗಿ ವಿಷಯ ಹೇಳಿದೆ. ಪುಸ್ತಕದ ವಿಷಯ ಒಂದನ್ನು ಹೇಳಲಿಲ್ಲ. ಅವರು ಬಲೆಯನ್ನು ಹಿಡಿದುಕೊಂಡೇ ಕೇಳಿಸಿಕೊಂಡರು. ಹತ್ತು ಮಾರು ಕೆಳಗೆ ನೀರು ಹರಿಯುವ ಸದ್ದು ಕೇಳುತ್ತಿತ್ತು. “ಬಂದದ್ದಾಯ್ತಲ್ಲ, ಅಲ್ಲಿಗಾದರೂ ಹತ್ತುವ,” ಎಂದರು ಅಕ್ಕ. ಅಣ್ಣನ ಕೈಯನ್ನು ಗಟ್ಟಿಯಾಗಿ ಹಿಡಿದು, ಒಂದೊಂದೇ ಮೆಟ್ಟಿಲನ್ನು ಲೆಕ್ಕ ಹೇಳುತ್ತಾ ಗೋಪುರಕ್ಕೆ ಕರೆದುಕೊಂಡು ಹೋದರು. ಮೇಲಿದ್ದ ಕಾಲೇಜಿನ ಮಕ್ಕಳು, ಪಾಪ, ಒಳ್ಳೆಯವರು, ಕಂಬಿಯ ಹತ್ತಿರ ಜಾಗ ಬಿಟ್ಟುಕೊಟ್ಟರು. ಅಣ್ಣ ಪಾರ್ಕಿಂಗಿನ ಕಡೆಗೆ ಮುಖ ಮಾಡಿ ನಿಂತರು. ಅಕ್ಕ ತಿರುಗಿಸಲಿಲ್ಲ. ಸ್ಪೀಕರಿನಲ್ಲಿ ಹಾಡು ಬರುತ್ತಿತ್ತು.

ಇಳಿದು ಬಂದು ನನ್ನ ಮೇಜಿನ ಎದುರು ನಿಂತರು.

“ಇದನ್ನು ಹೀಗೆ ಮಾಡುವ ಅಂತ ಅವರಿಗೆ ಹೇಳಿದ್ದು ಯಾರು ಗೇಟಿನಕ್ಕ?”

“ಪುಸ್ತಕ ನೋಡಿ ಮಾಡಿದ್ದು ಅಣ್ಣ. ಬಂದವರೆಲ್ಲ ಎಂಥಕ್ಕೆ ಬಂದದ್ದು ಅಂತ ಅದರಲ್ಲಿ ಬರೆದು ಉಂಟು.”

“ಹೌದಾ? ನನ್ನದು ಎಂಥ ಬರೆದಿದ್ದೀರಿ?”

ಅವರಿಗೆ ಓದಲು ಆಗುವುದಿಲ್ಲ. ಬೇಕಾದ್ದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು, ಅಕ್ಕ ಅದನ್ನೇ ನೋಡುತ್ತಿದ್ದರು.

“ವೀಕ್ಷಣೆ,” ಎಂದೆ.

ಅಣ್ಣ ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. “ಹಾಗಾದರೆ ನನ್ನ ಓಟೂ ಈ ಬೇಲಿಗೇ ಬಿದ್ದದ್ದು ಅಂತಾಯ್ತು,” ಎಂದರು, ಯಾರ ಮೇಲೂ ಸಿಟ್ಟಿಲ್ಲದ ಸ್ವರದಲ್ಲಿ. ಅಕ್ಕ ನನ್ನ ಮುಖವನ್ನೇ ನೋಡದೆ, “ಬನ್ನಿ, ಮನೆಗೆ ಮುಟ್ಟುವಾಗ ಊಟಕ್ಕೆ ತಡ ಆಗ್ತದೆ,” ಎಂದು ಅವರ ಕೈ ಹಿಡಿದುಕೊಂಡರು. ಆಗ ಇನ್ನೂ ಹನ್ನೆರಡು ಗಂಟೆಯೂ ಆಗಿರಲಿಲ್ಲ. ಆಮೇಲೆ ಅವರು ಬರಲಿಲ್ಲ.

ಆ ದಿನದ ಸಾಲಿನಲ್ಲಿ ಅವರ ಹೆಸರಿನ ಎದುರು ಉದ್ದೇಶದ ಕಾಲಂ ಅನ್ನು ಖಾಲಿ ಬಿಟ್ಟೆ. ನನ್ನ ಕೈಯಲ್ಲಿ ಆದ ಪ್ರಾಯಶ್ಚಿತ್ತ ಅಷ್ಟೇ. ತಿಂಗಳ ಕೊನೆಗೆ ಫಾರೆಸ್ಟರು ಪುಸ್ತಕ ಒಯ್ಯಲು ಬಂದು, ಪೆನ್ಸಿಲಿನಿಂದ ಆ ಖಾಲಿಗೆ ಒಂದು ಸುತ್ತು ಹಾಕಿ ನನ್ನ ಕಡೆ ತಿರುಗಿಸಿದರು.

“ಇದೊಂದು ಬಿಟ್ಟಿದ್ದೀರಿ ಅಕ್ಕ. ಖಾಲಿ ಇದ್ದರೆ ಕಚೇರಿಯಲ್ಲಿ ತಕ್ಕೊಳ್ಳುವುದಿಲ್ಲ.”

“ಅವರು ನೀರಿಗೆ ಬಂದದ್ದು ಸರ್.”

“ಬೇಲಿ ಇರುವಾಗ ನೀರಿಗೆ ಅಂತ ಬರೆದರೆ, ಬೇಲಿ ದಾಟಿಸಿದ್ದು ನೀವಾ ಅಂತ ಕೇಳ್ತಾರೆ. ನೋಡಿ, ಬೇಗ ಎಂಥಾದರೂ ಬರೀರಿ, ನನಗೆ ಇನ್ನೂ ಎರಡು ಕಡೆ ಹೋಗ್ಲಿಕ್ಕೆ ಉಂಟು.”

ಬೈಕು ಸ್ಟಾರ್ಟಿನಲ್ಲೇ ಇತ್ತು. ನಾನು ಪೆನ್ನು ತೆಗೆದು, ಆ ಸುತ್ತಿನ ಒಳಗೆ ಎರಡು ಸಣ್ಣ ಗೆರೆ ಎಳೆದು ಪುಸ್ತಕವನ್ನು ಅವರ ಕೈಗೆ ಕೊಟ್ಟೆ.